ಸುಮ್ಮನೆ ಓಡುವುದು

ಹೋದ ಜನವರಿಯ ಒಂದು ಬೆಳಗಿನ ಜಾವ ಬಾದಾಮಿಯಿಂದ ಬನಶಂಕರಿಗೆ ಹೋಗುವ ರಸ್ತೆಯಲ್ಲಿ ಓಡುತ್ತಿದ್ದೆ. ಬನದ ಹುಣ್ಣಿಮೆಯ ತೇರು ಎಳೆದಾಗಿತ್ತು, ಜಾತ್ರೆ ಮಾತ್ರ ಇನ್ನೂ ಮುಗಿದಿರಲಿಲ್ಲ. ರಾತ್ರಿಯಿಡೀ ನಾಟಕ ನೋಡಿದವರು ಕಂಬಳಿ ಹೊದ್ದು, ಕಿವಿಗೆ ಟವೆಲ್ ಸುತ್ತಿಕೊಂಡು, ನಿದ್ದೆಗಣ್ಣಲ್ಲಿ ಊರ ಕಡೆ ನಡೆದು ಬರುತ್ತಿದ್ದರು. ಅವರ ನಡುವೆ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮುದುಕಿ ನನ್ನನ್ನು ಕಂಡು ನಿಂತೇಬಿಟ್ಟಳು.

"ಯಾಕೋ ಯಪ್ಪಾ, ಯಾರರ ಬೆನ್ನ ಹತ್ಯಾರೇನು?"

"ಯಾರೂ ಇಲ್ಲಬೇ ಯವ್ವಾ. ಸುಮ್ಮ ಓಡಾಕತ್ತೀನಿ."

"ಸುಮ್ ಸುಮ್ಮನ ಯಾವನರ ಓಡ್ತಾನೇನು? ಮನ್ಯಾಗ ದಗದ ಇಲ್ಲೇನು ನಿನಗ?"

ಜೊತೆಗಿದ್ದವರು ನಕ್ಕರು, ನಾನೂ ನಕ್ಕು ಮುಂದೆ ಹೋದೆ. ಆದರೆ ಆ ಪ್ರಶ್ನೆ ಅಲ್ಲೇ ಉಳಿಯಲಿಲ್ಲ. ಬನಶಂಕರಿಯ ಹೊಂಡದವರೆಗೂ, ಅಲ್ಲಿಂದ ಮತ್ತೆ ಮನೆಯವರೆಗೂ, ಹೋಗಿ ಬರುವ ಹತ್ತು ಕಿಲೋಮೀಟರ್ ಉದ್ದಕ್ಕೂ ಅದು ನನ್ನ ಜೊತೆಗೇ ಓಡಿತು. ಸುಮ್ಮಸುಮ್ಮನೆ ಯಾರಾದರೂ ಓಡುತ್ತಾರೆಯೇ? ಓಡಬಹುದೇ?

ನಮ್ಮ ಭಾಷೆಯ 'ಸುಮ್ಮನೆ' ವಿಚಿತ್ರವಾದ ಪದ. 'ಸುಮ್ಮನಿರು' ಅಂದರೆ ಮಾತಾಡಬೇಡ ಎಂದರ್ಥ. 'ಸುಮ್ಮನೆ ಕೂತಿದ್ದಾನೆ' ಅಂದರೆ ಕೆಲಸವಿಲ್ಲದೆ ಕೂತಿದ್ದಾನೆ ಎಂಬ ಆಕ್ಷೇಪ. 'ಸುಮ್ಮನೆ ಬಂದೆ' ಅಂದರೆ ಕಾರಣವಿಲ್ಲ, ನಿಮ್ಮನ್ನು ನೋಡಬೇಕೆನ್ನಿಸಿತು ಎಂಬ ಅಕ್ಕರೆ. ಮೌನ, ಸೋಮಾರಿತನ, ಪ್ರೀತಿ ಮೂರಕ್ಕೂ ಒಂದೇ ಪದ. ನಾನು ಮುದುಕಿಗೆ ಹೇಳಿದ್ದು ಮೂರನೆಯ ಅರ್ಥದ 'ಸುಮ್ಮನೆ', ಅವಳು ಕೇಳಿಸಿಕೊಂಡದ್ದು ಎರಡನೆಯದು. ಈ ಎರಡರ ನಡುವಿನ ಅಂತರ ಎಷ್ಟು ಎಂಬುದೇ ಈ ಬರಹದ ಪ್ರಶ್ನೆ.

ಮೊದಲು ಚಳಿಯ ಮಾತು ಆಡಿಬಿಡುತ್ತೇನೆ. ನಮ್ಮದೇನು ಮಹಾ ಚಳಿಯಲ್ಲ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಹದಿನಾಲ್ಕು ಹದಿನೈದು ಡಿಗ್ರಿ ಇರಬಹುದು. ಎಮಿಲ್ ಝಾಟೊಪೆಕ್ ಸೈನ್ಯದ ಬೂಟು ಹಾಕಿಕೊಂಡು ಹಿಮದಲ್ಲಿ ಅಭ್ಯಾಸ ಮಾಡಿದವನು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದ. ಅವನ ಎದುರು ನಮ್ಮ ಚಳಿಯ ಬಗ್ಗೆ ದೂರು ಹೇಳಿದರೆ ನಗು ಬರುತ್ತದೆ. ಅಷ್ಟೇ ಅಲ್ಲ, ಓಟಗಾರನ ದೇಹಕ್ಕೆ ನಮ್ಮ ಕಡೆ ಒಳ್ಳೆಯ ಕಾಲ ಅಂತ ಇದ್ದರೆ ಅದು ಚಳಿಗಾಲವೇ. ಓಡುವಾಗ ದೇಹ ಬಿಸಿಯನ್ನು ಹೊರಗೆ ಹಾಕಬೇಕು. ಏಪ್ರಿಲ್‌ನಲ್ಲಿ ಕೆಂಪು ಬಂಡೆಗಳು ರಾತ್ರಿಯಿಡೀ ಕಾವು ಉಗುಳುವ ಈ ಊರಲ್ಲಿ ಆ ಕೆಲಸ ಕಷ್ಟ, ಡಿಸೆಂಬರ್‌ನಲ್ಲಿ ಸುಲಭ. ಅದೇ ಎದೆಬಡಿತಕ್ಕೆ ಹೆಚ್ಚು ದೂರ ಓಡಬಹುದು. ಹಿಮದ ದೇಶದವರು ಬರೆದ ಪುಸ್ತಕಗಳಲ್ಲಿ ಚಳಿಗಾಲವೆಂದರೆ ಸಹಿಸಿಕೊಂಡು ದಾಟಬೇಕಾದ ಕಾಲ. ನಮಗೆ ಅದು ಬಿತ್ತನೆಯ ಕಾಲ.

ಹಾಗಿದ್ದೂ ನಾವು ಏಳುವುದಿಲ್ಲ. ದೇಹಕ್ಕೆ ಹಿತವಾದ ಋತುವಿನಲ್ಲೇ ಮನಸ್ಸು ಮುಷ್ಕರ ಹೂಡುತ್ತದೆ. ಕಾರಣ ಚಳಿಯಲ್ಲ, ಕೌದಿ. ಅವ್ವನ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯೊಳಗೆ ಬೆಳಗಿನ ಐದೂವರೆಗೆ ಎಂಥ ತರ್ಕಗಳು ಹುಟ್ಟುತ್ತವೆ ಎಂಬುದನ್ನು ಅದರೊಳಗೆ ಮಲಗಿದವರೇ ಬಲ್ಲರು. 'ನಿನ್ನೆ ಮೊಣಕಾಲು ಸ್ವಲ್ಪ ನೋಯುತ್ತಿತ್ತಲ್ಲ', 'ವಿಶ್ರಾಂತಿಯೂ ಅಭ್ಯಾಸದ ಒಂದು ಭಾಗವೇ ಅಲ್ಲವೇ', 'ಸಂಜೆ ಓಡಿದರಾಯಿತು'. ಒಂದೊಂದೂ ನಿಜವೆನ್ನಿಸುವಂಥದ್ದೇ. ರೋಮಿನ ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ತನಗಾಗಿ ಬರೆದುಕೊಂಡ ಟಿಪ್ಪಣಿಗಳ ಐದನೆಯ ಭಾಗ ಶುರುವಾಗುವುದೇ ಈ ಜಗಳದಿಂದ. ಬೆಳಗ್ಗೆ ಏಳಲು ಮನಸ್ಸಿಲ್ಲದ ಒಬ್ಬ ಮನುಷ್ಯ, ಹೊದಿಕೆಯೊಳಗೆ ಬೆಚ್ಚಗಿರಲೆಂದೇ ನಾನು ಹುಟ್ಟಿದೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಸಾಮ್ರಾಜ್ಯ ಆಳುವವನಿಗೂ ಹಾಸಿಗೆಯನ್ನು ಗೆಲ್ಲುವುದು ಸುಲಭವಿರಲಿಲ್ಲ ಎಂಬುದು ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ.

ಆದರೆ ಅವನ ಉಪಾಯ ನನಗೆ ಒದಗಲಿಲ್ಲ. ಕೌದಿಯೊಳಗಿನ ವಾದಕ್ಕೆ ಕೌದಿಯೊಳಗೇ ಉತ್ತರ ಕೊಡಲು ಹೋದರೆ ಕೌದಿಯೇ ಗೆಲ್ಲುತ್ತದೆ. ಬೆಳಗಿನ ನಾನು ನಿನ್ನೆ ರಾತ್ರಿಯ ನನಗಿಂತ ಚತುರ, ಆದರೆ ಅವನಷ್ಟು ಪ್ರಾಮಾಣಿಕನಲ್ಲ. ಹಾಗಾಗಿ ತೀರ್ಮಾನವನ್ನು ರಾತ್ರಿಯವನೇ ಮುಗಿಸಿಟ್ಟು ಮಲಗಬೇಕು. ಬೂಟು ಹೊಸ್ತಿಲ ಹತ್ತಿರ, ಅಂಗಿ ಕುರ್ಚಿಯ ಮೇಲೆ, ಫೋನು ಕೈಗೆಟುಕದ ಮಾಡಿನಲ್ಲಿ. ನನ್ನ ಹರಕೆ 'ಹತ್ತು ಕಿಲೋಮೀಟರ್ ಓಡುತ್ತೇನೆ' ಎಂದಲ್ಲ, 'ಬೂಟು ಕಟ್ಟಿ ಹೊಸ್ತಿಲು ದಾಟುತ್ತೇನೆ' ಎಂದಷ್ಟೇ. ದಾಟಿದ ಮೇಲೆ ಬೇಕಾದರೆ ಹಿಂದಿರುಗಬಹುದು. ಮೂರು ಚಳಿಗಾಲಗಳಲ್ಲಿ ಹಾಗೆ ಹಿಂದಿರುಗಿದ ದಿನಗಳು ಬೆರಳೆಣಿಕೆಯವು. ಮೊದಲ ಹತ್ತು ನಿಮಿಷ ಮೈ ಮರದ ಕೊರಡಿನ ಹಾಗಿರುತ್ತದೆ, ಆಮೇಲೆ ಅದಕ್ಕೆ ತಾನೇ ದಾರಿ ಸಿಗುತ್ತದೆ. ಸಂಕಲ್ಪಬಲ ಎಂದು ನಾವು ಹೊಗಳುವುದರಲ್ಲಿ ಹೆಚ್ಚಿನ ಪಾಲು ಹೀಗೆ ಮೊದಲೇ ಮಾಡಿಟ್ಟ ಸಣ್ಣಪುಟ್ಟ ಏರ್ಪಾಡು ಎಂದು ನನಗನ್ನಿಸುತ್ತದೆ. ಇದರಲ್ಲಿ ವೀರತ್ವವೇನೂ ಇಲ್ಲ. ಇಲ್ಲದಿರುವುದೇ ಒಳ್ಳೆಯದು, ಯಾಕೆಂದರೆ ವೀರತ್ವ ದಿನಾ ಬೆಳಗ್ಗೆ ಸಿಗುವ ಸಾಮಾನಲ್ಲ.

ಇದಕ್ಕಿಂತ ದೊಡ್ಡ ಉಪಾಯವೊಂದಿದೆ. ಅದು ಇನ್ನೊಬ್ಬರಿಗೆ ಕೊಟ್ಟ ಮಾತು. ನನಗೆ ಅದು ಸಿಕ್ಕಿದ್ದು ಊರ ಮೈದಾನದಲ್ಲಿ.

ಉತ್ತರ ಕರ್ನಾಟಕದ ಯಾವ ತಾಲೂಕು ಊರಿಗೆ ಹೋದರೂ ಬೆಳಗಿನ ಮೈದಾನದಲ್ಲಿ ನಿಮಗೆ ಕಾಣುವವರು ಹವ್ಯಾಸಿ ಓಟಗಾರರಲ್ಲ. ಪೊಲೀಸ್, ಸೈನ್ಯ, ಅರಣ್ಯ ಇಲಾಖೆಯ ನೇಮಕಾತಿಗೆ ತಯಾರಾಗುವ ಹುಡುಗರು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಗಂಡುಮಕ್ಕಳು 1,600 ಮೀಟರನ್ನು ಆರು ನಿಮಿಷ ಮೂವತ್ತು ಸೆಕೆಂಡಿನೊಳಗೆ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದೊಳಗೆ. ಅವರ ಕಾಲಲ್ಲಿ ಜಾತ್ರೆಯಲ್ಲಿ ಕೊಂಡ ಬೂಟು, ಕೆಲವರು ಬರಿಗಾಲು. ಅವರಲ್ಲಿ ಒಬ್ಬ ಒಂದು ದಿನ ನನ್ನ ಕೈಗಡಿಯಾರ ನೋಡಿ, "ಸರ, ಅದರಾಗ ಟೈಮ್ ಹಿಡಿತೀರೇನ್ರಿ?" ಎಂದ. ಹಿಡಿದೆ. ಆರು ನಿಮಿಷ ಮೂವತ್ತೆಂಟು ಸೆಕೆಂಡು. ಮರುದಿನವೂ ಹಿಡಿದೆ. ವಾರ ಕಳೆಯುವಷ್ಟರಲ್ಲಿ ಬೆಳಗ್ಗೆ ಆರಕ್ಕೆ ಗಡಿಯಾರದ ಸಮೇತ ಮೈದಾನದಲ್ಲಿರುವುದು ನನ್ನ ಕೆಲಸವಾಗಿಬಿಟ್ಟಿತ್ತು. ಆ ಚಳಿಗಾಲ ಕೌದಿಯೊಳಗಿನ ತರ್ಕಗಳು ಬಾಯಿ ಬಿಡಲಿಲ್ಲ. ನಾನು ಹೋಗದಿದ್ದರೆ ಅಲ್ಲಿ ಐದಾರು ಜನ ಕಾಯುತ್ತಾರೆ ಎಂಬುದರ ಮುಂದೆ ಅವು ಏನು ಹೇಳಿಯಾವು?

ಆ ಎಂಟು ಸೆಕೆಂಡಿನ ಹುಡುಗ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲೊಂದರಲ್ಲಿ ಸಂಜೆ ಕೆಲಸ ಮಾಡುತ್ತಿದ್ದ. ಒಂದು ದಿನ ಓಟ ಮುಗಿಸಿ, ಮೊಣಕಾಲ ಮೇಲೆ ಕೈಯೂರಿ ಉಸಿರು ಹಿಡಿಯುತ್ತ ಕೇಳಿದ: "ಸರ, ನಿಮಗ ನೌಕರಿ ಐತಿ. ಮತ್ಯಾಕ ಓಡ್ತೀರಿ?"

ಮುದುಕಿಯದೂ ಇದೇ ಪ್ರಶ್ನೆ. ಆದರೆ ಇವನ ಬಾಯಲ್ಲಿ ಅದು ಹೆಚ್ಚು ಚುಚ್ಚಿತು. ಅವನ ಎಂಟು ಸೆಕೆಂಡಿನಲ್ಲಿ ತಂಗಿಯ ಓದು, ತಂದೆಯ ಸಾಲ, ಮನೆಯ ತಗಡು ಎಲ್ಲ ಇದ್ದವು. ನನ್ನ ಎಂಟು ಸೆಕೆಂಡಿನಲ್ಲಿ ಏನಿತ್ತು? ಫೋನಿನ ಆ್ಯಪಿನಲ್ಲಿ ಒಂದು ಬಣ್ಣದ ಗೆರೆ. ಹೊಲದಲ್ಲಿ, ಕಲ್ಲಿನ ಕಣಿಯಲ್ಲಿ, ಮಗ್ಗದ ಕುಣಿಯಲ್ಲಿ ದಿನವಿಡೀ ಮೈ ಸವೆಸುವವರ ನಡುವೆ, ಕುರ್ಚಿಯಲ್ಲಿ ಕೂತು ಸಂಬಳ ಪಡೆಯುವವನೊಬ್ಬ ಬೇಕೆಂದೇ ಬೆವರು ಹರಿಸುವುದು ಒಂದು ಬಗೆಯ ಶೋಕಿಯಲ್ಲವೇ? ನಾವು ಓಟವನ್ನು ಅಪ್ಪಟ ಸದ್ಗುಣದ ಹಾಗೆ ಮಾತಾಡುತ್ತೇವೆ: ಶಿಸ್ತು, ಛಲ, ಸ್ವಯಂ ನಿಯಂತ್ರಣ. ಬೇರೆಯವರು ಹೊಟ್ಟೆಪಾಡಿಗೆ ದಿನಾ ತೋರಿಸುವ ಶಿಸ್ತಿಗೆ ನಾವು ಯಾವತ್ತೂ ಆ ಹೆಸರು ಕೊಡುವುದಿಲ್ಲ. ಮೈಸೂರು ಅಂಚೆಯ ಹರಿಕಾರರು ಕಾಗದದ ಚೀಲ ಹೊತ್ತು ಊರಿಂದೂರಿಗೆ ಓಡಿದರು. 1672ರಲ್ಲಿ ಶುರುವಾಗಿ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಗುವವರೆಗೆ ಆ ವ್ಯವಸ್ಥೆ ನಿಂತದ್ದು ಇಂಥ ಕಾಲುಗಳ ಮೇಲೆ. ಅವರ ವೇಗವನ್ನು ಯಾರೂ ಸಾಧನೆ ಎಂದು ಬರೆದಿಡಲಿಲ್ಲ. ಅದು ಅವರ ದಗದವಾಗಿತ್ತು, ಅಷ್ಟೇ.

ಅದೇ ಮೈದಾನಕ್ಕೆ ಬರುತ್ತಿದ್ದ ಒಬ್ಬ ಹುಡುಗಿಯಿಂದ ನಾನು ಚಳಿಗಾಲದ ಇನ್ನೊಂದು ಮುಖ ಕಂಡೆ. 400 ಮೀಟರಿಗೆ ತಯಾರಾಗುತ್ತಿದ್ದಳು, ತಮ್ಮನನ್ನು ಕರೆದುಕೊಂಡು ಬರುತ್ತಿದ್ದಳು. ಬೆಳಕು ಹರಿಯದೆ ಮನೆಯಿಂದ ಬಿಡುತ್ತಿರಲಿಲ್ಲ. ಎಂಟಕ್ಕೆ ಮತ್ತೆ ಮನೆಯಲ್ಲಿರಬೇಕು, ರೊಟ್ಟಿ ಬಡಿಯಬೇಕು. "ಬೆಳಕ ಹರಿಯೂದು ತಡಾ ಆತಂದ್ರ ನನ್ನ ಗ್ರೌಂಡ್ ಸಣ್ಣದಾಗ್ತೈತ್ರಿ ಸರ" ಅಂದಳು. ಕತ್ತಲೆಂದರೆ ನನಗೆ ಬರೀ ಕತ್ತಲು, ಬೇಕಾದರೆ ಅದರಲ್ಲಿ ಒಂದಿಷ್ಟು ಕಾವ್ಯವನ್ನೂ ಕಾಣಬಲ್ಲೆ. ಅವಳಿಗೆ ಅದು ಬೇಲಿ. 'ಚಳಿಗಾಲದಲ್ಲಿ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ' ಎಂದು ನಾವು ಕೇಳುವಾಗ, ಉತ್ಸಾಹದ ಕೊರತೆಯೇ ಇಲ್ಲದೆ ದಾರಿ ಮಾತ್ರ ಇಲ್ಲದವರೂ ಇದ್ದಾರೆ ಎಂಬುದನ್ನು ಮರೆತಿರುತ್ತೇವೆ. ಅವಳ ಮಾತು ಕೇಳಿದ ಮೇಲೆ ನನ್ನ ಆಲಸ್ಯಕ್ಕೆ 'ಪ್ರೇರಣೆಯ ಕೊರತೆ' ಎಂಬ ದೊಡ್ಡ ಹೆಸರು ಕೊಡುವುದನ್ನು ನಿಲ್ಲಿಸಿದೆ.

ಹಾಗಾದರೆ ಸುಮ್ಮನೆ ಓಡುವುದನ್ನು ಬಿಟ್ಟುಬಿಡಬೇಕೇ? ಇಲ್ಲಿ ಅರಿಸ್ಟಾಟಲನನ್ನು ಸ್ವಲ್ಪ ಕರೆಯುತ್ತೇನೆ. ಅವನು ಕ್ರಿಯೆಗಳನ್ನು ಎರಡು ಬಗೆಯಾಗಿ ನೋಡಿದ. ಕೆಲವು ಕ್ರಿಯೆಗಳ ಗುರಿ ಅವುಗಳ ಹೊರಗಿರುತ್ತದೆ, ಮನೆ ಕಟ್ಟುವ ಹಾಗೆ. ಮನೆ ಮುಗಿಯುವವರೆಗೆ ಕ್ರಿಯೆ ಅಪೂರ್ಣ, ಮುಗಿದ ಮೇಲೆ ಕ್ರಿಯೆಯೇ ಇಲ್ಲ. ಇನ್ನು ಕೆಲವು ಮಾಡುವಾಗಲೇ ಪೂರ್ಣ, ನೋಡುವ ಹಾಗೆ. ನೋಡುತ್ತಿರುವವನು ಅದೇ ಕ್ಷಣದಲ್ಲಿ ನೋಡಿಯೂ ಆಗಿರುತ್ತಾನೆ. ಬದುಕನ್ನು ಚೆನ್ನಾಗಿ ಬದುಕುವುದು ಈ ಎರಡನೆಯ ಬಗೆ. ಓಟದ ಬಗ್ಗೆ ಬರೆಯುವವರಿಗೆ ಈ ವಿಂಗಡಣೆ ಪ್ರಿಯವಾಗಬಹುದು, ಓಟವನ್ನು ಎರಡನೆಯ ಸಾಲಿಗೆ ಸೇರಿಸಿ ಬೆನ್ನು ತಟ್ಟಿಕೊಳ್ಳಬಹುದು. ತೊಂದರೆಯೆಂದರೆ, ಅರಿಸ್ಟಾಟಲ್ ನಡಿಗೆಯನ್ನು ಹೆಸರಿಸಿಯೇ ಮೊದಲ ಸಾಲಿಗೆ ಹಾಕಿದ್ದಾನೆ. ನಡೆಯುವವನು ಎಲ್ಲಿಗೋ ನಡೆಯುತ್ತಾನೆ, ಅಲ್ಲಿ ಮುಟ್ಟುವವರೆಗೆ ಅದು ಅಪೂರ್ಣ. ಅಂದರೆ ಬನಶಂಕರಿ ದಾರಿಯ ಮುದುಕಿಯೂ ಅರಿಸ್ಟಾಟಲನೂ ಒಂದೇ ಪಕ್ಷ!

ಆದರೆ ನಾನು ಎಲ್ಲಿಗೂ ಹೋಗುತ್ತಿಲ್ಲವಲ್ಲ. ಮನೆಯಿಂದ ಹೊರಟು ಮನೆಗೇ ಬರುತ್ತೇನೆ. ಬನಶಂಕರಿ ನಾನು ತಿರುಗುವ ಜಾಗವೇ ಹೊರತು ಗುರಿಯಲ್ಲ. ಗುರಿಯೇ ಇಲ್ಲದ ನಡಿಗೆ ಅರಿಸ್ಟಾಟಲನ ಯಾವ ಸಾಲಿಗೆ ಸೇರುತ್ತದೆ? ಎರಡನೆಯದಕ್ಕೆ ಎಂದು ಹೇಳುವ ಆಸೆ ನನಗಿದೆ. ಹಾಗೆ ಹೇಳಿದರೆ ತಕ್ಷಣ ಇನ್ನೊಂದು ತೊಡಕು ಏಳುತ್ತದೆ: ಓಟ ಓಡುವಾಗಲೇ ಪೂರ್ಣವಾಗಿದ್ದರೆ, ಹೋದ ವರ್ಷಕ್ಕಿಂತ ಈ ವರ್ಷ ಚೆನ್ನಾಗಿ ಓಡಬೇಕೆಂಬ ಆಸೆ ಯಾಕೆ? ಸುಮ್ಮನೆ ಓಡುವವನಿಗೆ ಸುಧಾರಣೆಯ ಹಂಬಲ ಯಾಕೆ?

ಉತ್ತರವನ್ನು ನಾನು ಓಟದಲ್ಲಲ್ಲ, ಸಂಗೀತದಲ್ಲಿ ಹುಡುಕಿದೆ. ನಮ್ಮದು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರ ಸೀಮೆ. ಹಿಂದೂಸ್ತಾನಿ ಗಾಯಕರು ನಸುಕಿನಲ್ಲಿ ಎದ್ದು ಮಂದ್ರದ ಷಡ್ಜವನ್ನು ಹಿಡಿದು ಕೂರುವುದನ್ನು ಖರಜ ಸಾಧನೆ ಎನ್ನುತ್ತಾರೆ. ಕೇಳುಗರಿಲ್ಲ, ಚಪ್ಪಾಳೆಯಿಲ್ಲ, ಒಂದೇ ಸ್ವರ. ಅವರು ಸ್ವರ ಸುಧಾರಿಸಲೆಂದೇ ಕೂರುತ್ತಾರೆ, ನಿಜ. ಆದರೆ ಸುಧಾರಣೆ ಮುಗಿದ ದಿನ ಸಾಧನೆ ಬಿಡುವವರು ಇಲ್ಲ. ಅಲ್ಲಿ ಸುಧಾರಣೆಯೆಂಬುದು ಹಾಡಿನಾಚೆ ಎಲ್ಲೋ ಇರುವ ಊರಲ್ಲ, ಹಾಡನ್ನು ಗೌರವದಿಂದ ಹಾಡುವ ರೀತಿ. ಪ್ರೀತಿಸುವ ಕೆಲಸವನ್ನು ಒಂದೇ ಥರ, ಹೇಗೋ ಒಂದು ಹಾಗೆ ಮಾಡುತ್ತಲೇ ಇರಲು ಆಗುವುದಿಲ್ಲ. ಪ್ರೀತಿಯಲ್ಲೇ ಗಮನವಿದೆ, ಗಮನವಿಟ್ಟರೆ ಕೆಲಸ ತಾನೇ ತಿದ್ದಿಕೊಳ್ಳುತ್ತದೆ. ಹೀಗೆ ನೋಡಿದರೆ ಸುಮ್ಮನೆ ಓಡುವುದಕ್ಕೂ ಚೆನ್ನಾಗಿ ಓಡುವುದಕ್ಕೂ ಜಗಳವಿಲ್ಲ.

ಜಗಳ ಇರುವುದು ಗಮನಕ್ಕೂ ಆತುರಕ್ಕೂ. ಇದನ್ನು ನಾನು ನೋವಿನಿಂದ ಕಲಿತೆ. ಎರಡನೆಯ ಚಳಿಗಾಲದ ಡಿಸೆಂಬರ್‌ನಲ್ಲಿ, ತಂಪು ಹವೆಯಲ್ಲಿ ಉಸಿರು ಸಲೀಸಾಗಿದ್ದನ್ನು ನಂಬಿ, ದಿನಾ ವೇಗವಾಗಿ ಓಡಿದೆ. ಮೂರು ವಾರಕ್ಕೆ ಮೊಣಕಾಲ ಕೆಳಗಿನ ಎಲುಬು ಹಿಡಿದುಕೊಂಡಿತು. ಜನವರಿಯಿಡೀ ಕುಂಟಿದೆ. ಆಮೇಲೆ ತಿಳಿಯಿತು: ದೇಹದ ಭಾಗಗಳೆಲ್ಲ ಒಂದೇ ಗಡಿಯಾರಕ್ಕೆ ನಡೆಯುವುದಿಲ್ಲ. ರಕ್ತದ ದ್ರವ ಕೆಲವೇ ದಿನಗಳಲ್ಲಿ ಹೆಚ್ಚುತ್ತದೆ. ಸ್ನಾಯುಗಳ ಒಳಗೆ ಹೊಸ ನವಿರು ರಕ್ತನಾಳಗಳು ಹುಟ್ಟಲು ವಾರಗಳು ಬೇಕು. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳು. ಉಸಿರು 'ನಡೆ' ಎನ್ನುವಾಗ ಎಲುಬು ಇನ್ನೂ 'ತಾಳು' ಎನ್ನುತ್ತಿರುತ್ತದೆ. ಅದಕ್ಕೇ ತಿಳಿದವರು ಹೆಚ್ಚಿನ ಓಟವನ್ನು ಪಕ್ಕದವರ ಜೊತೆ ಮಾತಾಡುತ್ತ ಓಡಬಹುದಾದಷ್ಟು ನಿಧಾನವಾಗಿ ಓಡು ಎನ್ನುವುದು. ಆ ಹುಡುಗನಿಗೂ ಇದನ್ನೇ ಹೇಳಿದೆ. ವಾರಕ್ಕೆ ಎರಡು ದಿನ ಮಾತ್ರ ಜೋರು, ಉಳಿದ ದಿನ ಮೆಲ್ಲಗೆ, ಸ್ವಲ್ಪ ದೂರ. "ಮೆಲ್ಲಕ ಓಡಿದ್ರ ಜೋರ ಓಡಾಕ ಹ್ಯಾಂಗ ಬರತೈತ್ರಿ?" ಅಂತ ಅವನು ಅಪನಂಬಿಕೆಯಿಂದ ನಕ್ಕ.

ಅವನಿಗೆ ಉತ್ತರವಾಗಿ ಮಲಪ್ರಭೆಯ ದಂಡೆಯ ಎರೆ ಹೊಲ ತೋರಿಸಿದೆ. ಹಿಂಗಾರಿ ಜೋಳ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆಮಣ್ಣು ಮಳೆಗಾಲದಲ್ಲಿ ಕುಡಿದಿಟ್ಟುಕೊಂಡ ತೇವವನ್ನೇ ಹುಡುಕುತ್ತ ಬೇರು ಆಳಕ್ಕೆ ಇಳಿಯುತ್ತದೆ. ರೈತ ಆಗಾಗ ಎಡೆ ಹೊಡೆದು ಮೇಲಿನ ಮಣ್ಣನ್ನು ಸಡಿಲ ಮಾಡುವುದು ಕಳೆಗೆ ಮಾತ್ರವಲ್ಲ, ಬಿರುಕುಗಳನ್ನು ಮುಚ್ಚಿ ತೇವ ಆರದಂತೆ ಕಾಯುವುದಕ್ಕೂ ಹೌದು. ಚಳಿ ಬೀಳುವಾಗ ಹೊಲ ನೋಡಿದರೆ ಏನೂ ನಡೆಯುತ್ತಿಲ್ಲವೆನ್ನಿಸುತ್ತದೆ. ನಡೆಯುವುದೆಲ್ಲ ನೆಲದ ಕೆಳಗೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವಷ್ಟರಲ್ಲಿ ತೆನೆ ಹೊರಗಾಗಿರುತ್ತದೆ. ರೈತನ ಮಗನಾದ ಅವನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ಹಂಗಾರ ಇದು ಹಿಂಗಾರಿ ಓಟ ಅನ್ರಿ" ಅಂದ.

ನನಗೆ ಸಮಾಧಾನ ಕೊಡುವ ಇನ್ನೊಂದು ಸಂಗತಿ ಆಕಾಶದಲ್ಲಿದೆ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22. ಅಲ್ಲಿಂದ ಹಗಲು ಬೆಳೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಬೆಳಗ್ಗೆ ಓಡುವವನಿಗೆ ಅದು ಸುಳ್ಳೆನ್ನಿಸುತ್ತದೆ. ಡಿಸೆಂಬರ್ 21ಕ್ಕೆ ಬಾದಾಮಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರು ಐವತ್ತಕ್ಕೆ. ಸಂಕ್ರಾಂತಿಯ ಹೊತ್ತಿಗೆ ಬೇಗ ಹುಟ್ಟಬೇಕಲ್ಲ? ಇಲ್ಲ, ಏಳು ಗಂಟೆಯ ಹತ್ತಿರ ಹೋಗಿರುತ್ತದೆ. ಭೂಮಿಯ ವಾಲಿದ ಅಕ್ಷ ಮತ್ತು ಅದು ಸೂರ್ಯನನ್ನು ಸುತ್ತುವ ದೀರ್ಘವೃತ್ತದ ದಾರಿ ಸೇರಿ, ಸೂರ್ಯನ ನಡುಹಗಲು ಈ ವಾರಗಳಲ್ಲಿ ನಮ್ಮ ಗಡಿಯಾರಕ್ಕಿಂತ ದಿನದಿನಕ್ಕೆ ಹಿಂದೆ ಬೀಳುತ್ತದೆ. ಹಾಗಾಗಿ ಹಗಲು ಬೆಳೆದದ್ದೆಲ್ಲ ಮೊದಲು ಸಂಜೆಯ ಲೆಕ್ಕಕ್ಕೆ ಹೋಗುತ್ತದೆ. ಬೆಳಗು ಮಾತ್ರ ಜನವರಿಯ ನಡುವಿನವರೆಗೂ ಇನ್ನಷ್ಟು ಕತ್ತಲಾಗುತ್ತಲೇ ಇರುತ್ತದೆ. ನಾವು ನೋಡುವ ಕಡೆ ಎಲ್ಲವೂ ಹದಗೆಡುತ್ತಿದೆ ಎನ್ನಿಸುವಾಗಲೇ, ನಾವು ನೋಡದ ತುದಿಯಲ್ಲಿ ಬೆಳಕು ಕೂಡಿಬೀಳುತ್ತಿರುತ್ತದೆ. ಅಭ್ಯಾಸದ ವಿಷಯದಲ್ಲಿ ಇದಕ್ಕಿಂತ ನಿಜವಾದ ಮಾತು ನನಗೆ ಗೊತ್ತಿಲ್ಲ. ಆದರೆ ಇದನ್ನು ಆ ಹುಡುಗಿಗೆ ಹೇಳಲು ಮಾತ್ರ ನಾಲಿಗೆ ಬರಲಿಲ್ಲ. ಅವಳ ಮೈದಾನ ಸಣ್ಣದಾಗುವುದು ಬೆಳಗಿನಲ್ಲೇ.

ಭಾನುವಾರ ಓಟವಿಲ್ಲದ ದಿನ ಒಮ್ಮೊಮ್ಮೆ ಮೆಟ್ಟಿಲು ಹತ್ತಿ ನಾಲ್ಕನೆಯ ಗುಹೆಗೆ ಹೋಗುತ್ತೇನೆ. ಕೆಳಗೆ ಅಗಸ್ತ್ಯತೀರ್ಥ, ಆಚೆ ದಂಡೆಯಲ್ಲಿ ಭೂತನಾಥ. ಗುಹೆಯೊಳಗೆ ಬಾಹುಬಲಿ ನಿಂತಿದ್ದಾನೆ, ಕೈಕಾಲಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹಾವುಗಳು. ಓಡುವವನು ನಿಂತವನನ್ನು ನೋಡಲು ಹೋಗುವುದು ತಮಾಷೆಯಂತೆ ಕಾಣಬಹುದು. ಆದರೆ ಸ್ಪರ್ಧೆಯನ್ನು ಕುರಿತು ನಮ್ಮ ನಾಡಿನಲ್ಲಿ ಅವನಷ್ಟು ತಿಳಿದವರಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣನನ್ನು ಗೆದ್ದ, ಗೆದ್ದ ಕ್ಷಣದಲ್ಲೇ ಬಿಟ್ಟು ನಡೆದ. ಆಮೇಲೆ ವರ್ಷವಿಡೀ ಅಲುಗದೆ ನಿಂತರೂ ಕೇವಲಜ್ಞಾನ ಬರಲಿಲ್ಲವಂತೆ. ತಾನು ನಿಂತ ನೆಲ ಭರತನದು ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಅದು ಹೋದ ಮೇಲಷ್ಟೇ ಬೆಳಕು. ಛಲದಿಂದ ಎಷ್ಟು ದೂರ ಹೋಗಬಹುದು, ಎಲ್ಲಿ ಅದೇ ಅಡ್ಡವಾಗುತ್ತದೆ ಎಂಬುದನ್ನು ಈ ಕತೆ ಬಲ್ಲದು. ಮೊದಲ ಚಳಿಗಾಲ ನನ್ನನ್ನು ಎಬ್ಬಿಸಿದ್ದು ಛಲವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡನೆಯ ಚಳಿಗಾಲ ನನ್ನ ಕಾಲು ಮುರಿದುಕೊಳ್ಳುವಷ್ಟು ಓಡಿಸಿದ್ದೂ ಅದೇ. ಆ್ಯಪಿನಲ್ಲಿ ಬೆಂಗಳೂರಿನ ಗೆಳೆಯನೊಬ್ಬನ ವೇಗ ನೋಡಿಕೊಂಡು ನಾನು ನಿಂತಿದ್ದು ಅವನ ನೆಲದ ಮೇಲೆ.

ಇನ್ನು ಆ ಹುಡುಗನ ಕತೆ. ಫೆಬ್ರವರಿಯಲ್ಲಿ ಆರು ನಿಮಿಷ ಇಪ್ಪತ್ತೊಂದು ಸೆಕೆಂಡಿಗೆ ಮುಟ್ಟಿದ. ನೇಮಕಾತಿಯ ಓಟದಲ್ಲೂ ಪಾಸಾದ. ಆದರೆ ಆ ಓಟ ಬರೀ ಒಂದು ಹೊಸ್ತಿಲು. ಆರು ಇಪ್ಪತ್ತೊಂಬತ್ತಕ್ಕೆ ಓಡಿದವನೂ ಐದು ನಿಮಿಷಕ್ಕೆ ಓಡಿದವನೂ ಅಲ್ಲಿ ಒಂದೇ. ಪಟ್ಟಿ ತಯಾರಾಗುವುದು ಲಿಖಿತ ಪರೀಕ್ಷೆಯ ಅಂಕಗಳ ಮೇಲೆ. ಅದರಲ್ಲಿ ಅವನ ಹೆಸರು ಇರಲಿಲ್ಲ. ಮುಂದಿನ ನೇಮಕಾತಿ ಬರುವಷ್ಟರಲ್ಲಿ ವಯಸ್ಸು ಮೀರಿತ್ತು. ಅವನು ಕಳೆದ ಹದಿನೇಳು ಸೆಕೆಂಡುಗಳನ್ನು ನಾನೇ ಕೈಯಲ್ಲಿ ಗಡಿಯಾರ ಹಿಡಿದು ಎಣಿಸಿದ್ದೆ. ಅವೆಲ್ಲ ಎಲ್ಲಿ ಹೋದವು? 'ಪ್ರಯತ್ನ ಯಾವತ್ತೂ ವ್ಯರ್ಥವಾಗುವುದಿಲ್ಲ' ಎಂದು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಸಂಬಳ ಬರುವವನು ಆಡಬಹುದಾದ ಮಾತು ಅದು. ಅವನ ಮಟ್ಟಿಗೆ ಅವು ವ್ಯರ್ಥವಾಗಿದ್ದವು. ಅದನ್ನು ಒಪ್ಪಿಕೊಳ್ಳದೆ ಈ ಬರಹ ಮುಂದೆ ಹೋಗಲಾರದು.

ಅವನು ಈಗ ಟಾಟಾ ಏಸ್ ಓಡಿಸುತ್ತಾನೆ. ಗುಳೇದಗುಡ್ಡ, ಇಳಕಲ್, ಹುನಗುಂದ ಅಂತ ಬಾಡಿಗೆ ಹೋಗುತ್ತಾನೆ. ಒಂದಿಡೀ ವರ್ಷ ಮೈದಾನದ ಕಡೆ ಬರಲಿಲ್ಲ. ಈ ಡಿಸೆಂಬರ್‌ನ ಒಂದು ಬೆಳಗ್ಗೆ ಹೊಸ ಹುಡುಗರಿಗೆ ಟೈಮ್ ಹಿಡಿಯುತ್ತ ನಿಂತಿದ್ದಾಗ ಹಿಂದಿನಿಂದ ದನಿ ಬಂತು: "ಎಷ್ಟಾತ್ರಿ ಸರ?" ನೋಡಿದರೆ ಅವನೇ. ಗಾಡಿ ರಸ್ತೆ ಬದಿಗೆ ನಿಲ್ಲಿಸಿದ್ದ. ಮೂರು ಸುತ್ತು ಓಡಿದ, ನಿಧಾನವಾಗಿ, ಗಡಿಯಾರ ಕೇಳದೆ. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅದಾದ ಮೇಲೆ ವಾರಕ್ಕೊಮ್ಮೆ ಬರುತ್ತಾನೆ, ಬಾಡಿಗೆ ಸಿಕ್ಕರೆ ಬರುವುದಿಲ್ಲ. ಇದನ್ನು ನಾನು ಗೆಲುವಿನ ಕತೆಯಾಗಿ ಹೇಳುತ್ತಿಲ್ಲ. ನೌಕರಿ ಸಿಕ್ಕಿದ್ದರೆ ಅದೇ ಚೆನ್ನಾಗಿರುತ್ತಿತ್ತು. ಆದರೆ ನೌಕರಿ ಕಸಿದುಕೊಳ್ಳಲಾಗದ ಏನೋ ಒಂದು ಅವನ ಕಾಲಲ್ಲಿ ಉಳಿದಿತ್ತು ಎಂಬುದಷ್ಟೇ ನಾನು ಕಂಡದ್ದು. ಹುಡುಗಿಯೂ ಬರುತ್ತಾಳೆ. ಈಗ ಅವಳ ಜೊತೆ ಇನ್ನೂ ಮೂವರು ಹೆಣ್ಣುಮಕ್ಕಳಿದ್ದಾರೆ. ನಾಲ್ವರಾದ ಮೇಲೆ ಮನೆಯವರು ಅರ್ಧ ಗಂಟೆ ಮೊದಲೇ ಬಿಡುತ್ತಾರಂತೆ.

ನಮ್ಮ ಮಲಪ್ರಭೆ ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟರು. ಮಾಡಿದ್ದರ ಫಲ ಮಾಡಿದವನ ಮನೆಯಲ್ಲೇ ನಿಲ್ಲಬಾರದು. ನನ್ನ ಹವ್ಯಾಸವನ್ನು ಕಾಯಕವೆಂದು ಕರೆಯುವ ಧಾರ್ಷ್ಟ್ಯ ನನಗಿಲ್ಲ. ಆದರೆ ಸುಮ್ಮನೆ ಓಡುವವನ ಮೇಲೂ ಒಂದು ಸಾಲವಿದೆ ಎಂದು ಈಗ ಅನ್ನಿಸುತ್ತದೆ. ಸುಮ್ಮನೆ ಓಡಲು ಬಿಡುವು, ಬೆಳಕಿಲ್ಲದ ರಸ್ತೆಯಲ್ಲಿ ಹೆದರದೆ ಹೋಗುವ ಧೈರ್ಯ, ಹೊಟ್ಟೆ ತುಂಬ ಊಟ ಇವೆಲ್ಲ ನನಗೆ ಸಿಕ್ಕವು, ನಾನು ಗಳಿಸಿದ್ದಲ್ಲ. ಗಡಿಯಾರ ಹಿಡಿದು ನಿಲ್ಲುವುದು ಆ ಸಾಲದ ಸಣ್ಣ ಬಡ್ಡಿ. ಸುಮ್ಮನೆ ಎಂಬುದು ಸೋಮಾರಿತನವಾಗುವುದೋ ಪ್ರೀತಿಯಾಗುವುದೋ ಎಂಬುದು ಬಹುಶಃ ಇಲ್ಲೇ ತೀರ್ಮಾನವಾಗುತ್ತದೆ. ಸುಮ್ಮನೆ ಸಿಕ್ಕಿದ್ದನ್ನು ನಾವು ಎಷ್ಟು ಸುಮ್ಮನೆ ಕೊಡುತ್ತೇವೆ ಎಂಬುದರಲ್ಲಿ.

ಈ ವರ್ಷವೂ ಬನದ ಹುಣ್ಣಿಮೆ ಬರುತ್ತದೆ. ನಾಟಕ ನೋಡಿದವರು ಮತ್ತೆ ಅದೇ ರಸ್ತೆಯಲ್ಲಿ ನಿದ್ದೆಗಣ್ಣಲ್ಲಿ ಬರುತ್ತಾರೆ. ಆ ಮುದುಕಿ ಮತ್ತೆ ಸಿಕ್ಕರೆ ಓಟ ನಿಲ್ಲಿಸಿ, ಅವಳ ಗಂಟನ್ನು ತೆಗೆದುಕೊಂಡು ಊರವರೆಗೆ ಜೊತೆಗೆ ನಡೆಯಬೇಕು ಅಂದುಕೊಂಡಿದ್ದೇನೆ. ಆ ದಿನ ಹತ್ತು ಕಿಲೋಮೀಟರ್ ಆಗುವುದಿಲ್ಲ. "ಯಾಕೋ ಯಪ್ಪಾ, ಇವತ್ತ ಓಡಂಗಿಲ್ಲೇನು?" ಎಂದು ಅವಳು ಕೇಳಿದರೆ ಹೇಳಲು ನನ್ನಲ್ಲಿ ಉತ್ತರವಿದೆ.

"ಇಲ್ಲಬೇ ಯವ್ವಾ. ಸುಮ್ಮ ನಡದ್ರಾತು ಅಂತ."